ಬ್ಯಾಟರಿ ಬದುಕಿತೆಂದು ಹೇಳುವವರು ಯಾರು?

ಸ್ಮಾರ್ಟ್ ಚಾರ್ಜರ್ ಎಂಬ ಪುಟ್ಟ ಪೆಟ್ಟಿಗೆ ಕಾರಿಟ್ಟುಕೊಂಡವರ ಮನೆಗಳಿಗೆ ಒಂದೊಂದಾಗಿ ಬಂದು ಸೇರುತ್ತಿದೆ. ಮೈಮೇಲೆ ನಾಲ್ಕೈದು ದೀಪ, ಒಂದೋ ಎರಡೋ ಗುಂಡಿ. ಅವುಗಳಲ್ಲೊಂದರ ಪಕ್ಕ 'ರಿಪೇರ್' ಅಂತಲೋ 'ರೀಕಂಡಿಷನ್' ಅಂತಲೋ ಅಚ್ಚಾಗಿರುತ್ತದೆ. ಪೆಟ್ಟಿಗೆ ಮಾರಾಟವಾಗುವುದು ಬಹುಮಟ್ಟಿಗೆ ಆ ಗುಂಡಿಯ ಬಲದಿಂದ. ಬೆಳಿಗ್ಗೆ ಆಫೀಸಿಗೆ ಹೊರಟವನ ಕಾರು ಕಟಕಟ ಎಂದು ಸುಮ್ಮನಾಗುತ್ತದೆ, ಅಂಗಡಿಯವ "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿ" ಅನ್ನುತ್ತಾನೆ, ಅಷ್ಟು ದುಡ್ಡು ಕೊಡುವ ಬದಲು ಅದರ ಅರ್ಧಕ್ಕೆ ಸತ್ತದ್ದನ್ನೇ ಎಬ್ಬಿಸಬಹುದಲ್ಲ ಎಂಬ ಆಸೆ ಹುಟ್ಟುತ್ತದೆ. ಆ ಪೆಟ್ಟಿಗೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ. ಆ ಗುಂಡಿಯ ಬಗ್ಗೆ ಇಲ್ಲ. ಜನ ಪೆಟ್ಟಿಗೆಯನ್ನು ಕೊಳ್ಳುವುದು ಬ್ಯಾಟರಿ ಕೈಕೊಟ್ಟ ಮೇಲೆ. ಅದು ನಿಜವಾಗಿ ಉಪಯೋಗಕ್ಕೆ ಬರುವುದು ಬ್ಯಾಟರಿ ಹೊಸದಾಗಿರುವಾಗ. ಸತ್ತದ್ದು ಎದ್ದಿತೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸವನ್ನಂತೂ ಅದರ ಹಸಿರು ದೀಪಕ್ಕೆ ಬಿಡಲೇಬಾರದು.

ಇದನ್ನು ಒಪ್ಪಿಸಬೇಕಾದರೆ ಬ್ಯಾಟರಿಯ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡಿನ ಲೇಪ ಹಚ್ಚಿದ ಪ್ಲೇಟು ಮಾಡಿದ. ಆಮೇಲೆ ಡಬ್ಬಿ ಬದಲಾಯಿತು, ಮಿಶ್ರಲೋಹ ಬದಲಾಯಿತು, ರಸಾಯನ ಮಾತ್ರ ಅದೇ. ಒಂದು ಪ್ಲೇಟು ಸೀಸ, ಇನ್ನೊಂದು ಸೀಸದ ಡೈಆಕ್ಸೈಡ್, ನಡುವೆ ಆಸಿಡ್. ಕರೆಂಟು ಎಳೆದಾಗ ಎರಡು ಪ್ಲೇಟುಗಳ ಮೇಲೂ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಬಿಟ್ಟುಕೊಂಡು ಆಸಿಡ್ ಮತ್ತೆ ಗಡುಸಾಗುತ್ತದೆ. ಸಲ್ಫೇಟ್ ಆಗುವುದು ಬ್ಯಾಟರಿಯ ದಿನನಿತ್ಯದ ಕಸುಬು; ಅದರಲ್ಲಿ ಭಯಪಡುವಂಥದ್ದೇನೂ ಇಲ್ಲ. ಆದರೆ ಬ್ಯಾಟರಿಯನ್ನು ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಬಿಟ್ಟರೆ ಸಣ್ಣ ಹರಳುಗಳು ಕರಗಿ ದೊಡ್ಡ ಹರಳುಗಳಿಗೆ ಹೋಗಿ ಸೇರಿಕೊಳ್ಳುತ್ತವೆ. ಪುಡಿಸಕ್ಕರೆ ನೀರಿಗೆ ಬಿದ್ದೊಡನೆ ಕರಗುತ್ತದೆ, ಕಲ್ಲುಸಕ್ಕರೆ ಗಂಟೆಗಟ್ಟಲೆ ತಳದಲ್ಲೇ ಕೂತಿರುತ್ತದೆ. ಇಲ್ಲಿನ ವ್ಯತ್ಯಾಸವೂ ಅದೇ ಬಗೆಯದು. ದೊಡ್ಡ ಹರಳಿಗೆ ಆಸಿಡ್ ತಾಗುವ ಮೈ ಕಮ್ಮಿ. ಜೊತೆಗೆ ಸಲ್ಫೇಟ್ ಮೂಲಕ ವಿದ್ಯುತ್ತು ಹರಿಯುವುದೂ ಕಷ್ಟ. ಸಲ್ಫೇಷನ್ ಎಂದು ಮೆಕ್ಯಾನಿಕ್‌ಗಳು ಬೈಯುವುದು ಇದನ್ನೇ. ರಿಪೇರ್ ಗುಂಡಿ ಹೋರಾಡುವುದೂ ಇದೊಂದರ ಮೇಲೆ.

ಬ್ಯಾಟರಿ ಸಾಯುವುದು ಇದೊಂದರಿಂದಲೇ ಆಗಿದ್ದರೆ ನನ್ನ ತಕರಾರಿಗೆ ಅರ್ಥವಿರುತ್ತಿರಲಿಲ್ಲ. ಪಾಸಿಟಿವ್ ಪ್ಲೇಟಿನ ಒಳಗೆ ಲೇಪವನ್ನು ಹಿಡಿದಿಡುವ ಸೀಸದ ಜಾಲರಿ ಇರುತ್ತದೆ. ಅದು ವರ್ಷದಿಂದ ವರ್ಷಕ್ಕೆ ತುಕ್ಕು ಹಿಡಿದು, ಹಿಗ್ಗಿ, ಕೊನೆಗೆ ಮುರಿಯುತ್ತದೆ. ಲೇಪ ಉದುರಿ ತಳ ಸೇರುತ್ತದೆ. ತಳದ ಕೆಸರು ಎರಡು ಪ್ಲೇಟುಗಳಿಗೆ ಸೇತುವೆಯಾದರೆ ಆ ಸೆಲ್ ಶಾರ್ಟ್. ನೀರು ಆವಿಯಾಗಿ ಪ್ಲೇಟಿನ ತುದಿ ಗಾಳಿಗೆ ಒಡ್ಡಿಕೊಂಡರೆ ಅಷ್ಟು ಭಾಗ ವ್ಯರ್ಥ. ಇವುಗಳಲ್ಲಿ ಯಾವುದನ್ನೂ ಹೊರಗಿನಿಂದ ಕರೆಂಟು ಕೊಟ್ಟು ಸರಿ ಮಾಡಲಾಗದು. ತುಕ್ಕಾದ ಜಾಲರಿಯನ್ನು ಮತ್ತೆ ಎರಕ ಹೊಯ್ಯಬೇಕು, ಅಂದರೆ ಬ್ಯಾಟರಿಯನ್ನು ಕರಗಿಸಬೇಕು.

ನಮ್ಮ ಊರುಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಸೀಸದ ಬ್ಯಾಟರಿಗೆ ಚಳಿ ಶಕ್ತಿ ಕುಗ್ಗಿಸುತ್ತದೆ, ಸೆಕೆ ಆಯಸ್ಸು ತಿನ್ನುತ್ತದೆ. ಶಾಖ 10 ಡಿಗ್ರಿ ಏರಿದರೆ ಒಳಗಿನ ಸವೆತ ಸುಮಾರು ಎರಡರಷ್ಟಾಗುತ್ತದೆ ಎನ್ನುವುದು ಈ ವಿದ್ಯೆಯಲ್ಲಿ ಎಲ್ಲರೂ ಇಟ್ಟುಕೊಳ್ಳುವ ಲೆಕ್ಕ. ಸ್ಮಾರ್ಟ್ ಚಾರ್ಜರ್ ಬೆಳೆದದ್ದು ಸ್ವೀಡನ್ನಿನಂಥ ನಾಡುಗಳ ಕಷ್ಟಕ್ಕೆ ಉತ್ತರವಾಗಿ. ಅಲ್ಲಿ ಚಳಿಗಾಲವಿಡೀ ಕಾರೋ ದೋಣಿಯೋ ಶೆಡ್ಡಿನಲ್ಲಿ ನಿಂತಿರುತ್ತದೆ, ಬ್ಯಾಟರಿ ತಾನೇ ತಾನಾಗಿ ಇಳಿಯುತ್ತದೆ, ಸಲ್ಫೇಟ್ ಗಟ್ಟಿಯಾಗುತ್ತದೆ. ಅಂಥ ಬ್ಯಾಟರಿಯ ಜಾಲರಿ ಇನ್ನೂ ಗಟ್ಟಿಮುಟ್ಟಾಗಿರುವುದರಿಂದ ಎಬ್ಬಿಸುವುದಕ್ಕೂ ಅರ್ಥವಿದೆ. ರಾಯಚೂರಿನ ಮೇ ತಿಂಗಳಲ್ಲಿ ಬಾನೆಟ್ಟಿನ ಕೆಳಗೆ ಎಂಜಿನ್ನಿನ ಪಕ್ಕ ಬೆಂದ ನಾಲ್ಕು ವರ್ಷದ ಬ್ಯಾಟರಿಯ ಕಥೆ ಬೇರೆ. ಅದರಲ್ಲಿ ಸಲ್ಫೇಟೂ ಇರಬಹುದು, ಆದರೆ ಜಾಲರಿ ಅದಕ್ಕೆ ಮೊದಲೇ ಹೋಗಿರುತ್ತದೆ. ಬಳಸುವ ಸೂಚನೆಯ ಪುಸ್ತಕ ಸಮುದ್ರ ದಾಟಿ ಬಂದಿದೆ, ಹವೆ ಬಂದಿಲ್ಲ.

ಹಾಗಾದರೆ "ನಮ್ಮ ಹಳೇ ಬ್ಯಾಟರಿಗೆ ಎರಡು ದಿನ ಹಾಕಿದೆ, ಈಗ ಸೆಲ್ಫ್ ಹೊಡೆದರೆ ಗುರ್ ಅಂತ ಎದ್ದೇಳುತ್ತದೆ" ಎನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಕಾರು ಸ್ಟಾರ್ಟ್ ಆಗಿರುತ್ತದೆ. ಆದರೆ ಸ್ಟಾರ್ಟ್ ಆಗುವುದು ಏನನ್ನು ಸಾಬೀತು ಮಾಡುತ್ತದೆ ಎಂದು ಲೆಕ್ಕ ಹಾಕಿ. ಸ್ಟಾರ್ಟರ್ ಮೋಟಾರು 200 ಆಂಪಿಯರ್‌ನಂತೆ ಎರಡು ಸೆಕೆಂಡು ಎಳೆದರೂ ಖರ್ಚಾಗುವುದು 0.11 ಆಂಪಿಯರ್-ಗಂಟೆ. 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅದು ಮುನ್ನೂರರಲ್ಲಿ ಒಂದು ಪಾಲು. ನಮ್ಮ ಬೆಚ್ಚನೆಯ ಹವೆಯಲ್ಲಿ ಎಂಜಿನ್ನು ಸುಲಭವಾಗಿ ತಿರುಗುತ್ತದೆ. ತನ್ನ ತಾಕತ್ತಿನ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡ ಬ್ಯಾಟರಿಯೂ ಆಗ ತಾನೇ ಚಾರ್ಜ್ ಆಗಿದ್ದರೆ ಈ ಪರೀಕ್ಷೆ ಪಾಸು ಮಾಡಬಹುದು. ಅದು ನಾಪಾಸಾಗುವುದು ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಎಂಜಿನ್ ಆರಿಸಿ, ಹಜಾರ್ಡ್ ದೀಪ ಹಾಕಿಕೊಂಡು ಒಂದು ಗಂಟೆ ನಿಂತಾಗ.

ವೋಲ್ಟ್‌ಮೀಟರಿನ ಸಾಕ್ಷಿಯೂ ಅಷ್ಟರಲ್ಲೇ ಇದೆ. ಆರು ಸೆಲ್ಲಿನ ಬ್ಯಾಟರಿ ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.6ರಿಂದ 12.7 ವೋಲ್ಟ್ ತೋರಿಸಬೇಕು, 12.2 ಇದ್ದರೆ ಅರ್ಧ, 12 ಇದ್ದರೆ ಕಾಲು ಭಾಗ ಎಂದು ಸ್ಥೂಲವಾಗಿ ಹೇಳಬಹುದು. ಆದರೆ ಈ ಅಂಕಿ ಆಸಿಡ್ ಎಷ್ಟು ಗಡುಸು ಎಂಬುದನ್ನಷ್ಟೇ ಹೇಳುತ್ತದೆ. ಒಂದು ಸೆಲ್ಲಿನ ವೋಲ್ಟೇಜು ಅದರ ಆಸಿಡ್ಡಿನ ಸಾಂದ್ರತೆಗೆ 0.84 ಕೂಡಿಸಿದಷ್ಟು ಎಂಬ ಹಳೆಯ ಸೂತ್ರವೇ ಇದೆ: 1.265ಕ್ಕೆ 0.84 ಕೂಡಿಸಿ, ಆರರಿಂದ ಗುಣಿಸಿದರೆ 12.63. ಪ್ಲೇಟಿನಲ್ಲಿ ಎಷ್ಟು ಲೇಪ ಉಳಿದಿದೆ, ಎಷ್ಟು ಉದುರಿದೆ ಎಂಬುದು ಈ ಸೂತ್ರದಲ್ಲಿ ಎಲ್ಲೂ ಬರುವುದಿಲ್ಲ. ಅರ್ಧ ಪ್ಲೇಟು ಸತ್ತಿದ್ದರೂ ಉಳಿದರ್ಧ ಚೆನ್ನಾಗಿ ಚಾರ್ಜ್ ಆಗಿದ್ದರೆ ಮೀಟರು ಖುಷಿಯಾಗಿಯೇ 12.6 ತೋರಿಸುತ್ತದೆ. ಕೆಲವು ಕಡೆ ಡಿಸ್ಟಿಲ್ಡ್ ವಾಟರ್ ಹಾಕಬೇಕಾದಲ್ಲಿ ಆಸಿಡ್ಡನ್ನೇ ಹೊಯ್ದು ಬ್ಯಾಟರಿಗೆ 'ಜೀವ ಬರಿಸುವ' ಚಾಳಿ ಇದೆ. ಅದರಿಂದ ಏರುವುದು ಮೀಟರಿನ ಅಂಕಿ, ಜೊತೆಗೆ ಜಾಲರಿಯ ತುಕ್ಕು.

ಇನ್ನು ಚಾರ್ಜರಿನ ಹಸಿರು ದೀಪ. ಗಟ್ಟಿ ಸಲ್ಫೇಟ್ ಕಟ್ಟಿದ ಬ್ಯಾಟರಿಗೆ ಕರೆಂಟು ಕೊಟ್ಟರೆ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ, ವೋಲ್ಟೇಜು ಸರ್ರನೆ ಏರುತ್ತದೆ. ಏರಿದ ವೋಲ್ಟೇಜು ನೋಡಿ ಚಾರ್ಜರು ತುಂಬಿತೆಂದು ತಿಳಿಯುತ್ತದೆ. ಅರ್ಧ ಖಾಲಿಯಾದ 35 ಆಂಪಿಯರ್-ಗಂಟೆ ಬ್ಯಾಟರಿಗೆ 4 ಆಂಪಿಯರ್ ಚಾರ್ಜರು ಕನಿಷ್ಠ ನಾಲ್ಕೂವರೆ ಗಂಟೆ ಕೆಲಸ ಮಾಡಬೇಕು. ಕೊನೆಯಲ್ಲಿ ಕರೆಂಟು ಇಳಿಯುವುದರಿಂದ ನಿಜವಾಗಿ ಇನ್ನೂ ಹೆಚ್ಚು. ನಲವತ್ತು ನಿಮಿಷಕ್ಕೇ ಹಸಿರು ದೀಪ ಹತ್ತಿತೆಂದರೆ ಸಂತೋಷಪಡುವ ಬದಲು ಅನುಮಾನಪಡಬೇಕು. ಬುದ್ಧಿ ಸ್ವಲ್ಪ ಹೆಚ್ಚಿರುವ ಚಾರ್ಜರುಗಳು ಚಾರ್ಜ್ ಮುಗಿಸಿ ಕೆಲವು ನಿಮಿಷ ಕಾದು, ವೋಲ್ಟೇಜು ನಿಲ್ಲುತ್ತದೋ ಜಾರುತ್ತದೋ ನೋಡಿ, ಜಾರಿದರೆ ಕೆಂಪು ತೋರಿಸುತ್ತವೆ. ಆ ಕೆಂಪು ದೀಪವನ್ನು ನಾನು ನಂಬುತ್ತೇನೆ.

ಇದಕ್ಕಿಂತ ಚೆನ್ನಾಗಿ ಬ್ಯಾಟರಿಯನ್ನು ಓದುತ್ತಿದ್ದವರು ಬಸ್‌ಸ್ಟ್ಯಾಂಡಿನ ಹಿಂದಿನ ಬ್ಯಾಟರಿ ಅಂಗಡಿಯವರು. ಆಸಿಡ್ ತಿಂದು ಕಪ್ಪಾದ ಹಲಗೆಯ ಮೇಲೆ ಏಳೆಂಟು ಬ್ಯಾಟರಿಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಕೂರಿಸಿರುತ್ತಿದ್ದರು. ಮುಚ್ಚಳ ಬಿಚ್ಚಿದ ಸೆಲ್ಲುಗಳಲ್ಲಿ ರಾತ್ರಿಯಿಡೀ ಸಣ್ಣಗೆ ಗುಳುಗುಳು, ಗಂಟಲು ಕೆರೆಯುವ ವಾಸನೆ. ಬೆಳಿಗ್ಗೆ ರಬ್ಬರ್ ಬುಡ್ಡೆಯ ಗಾಜಿನ ಹೈಡ್ರೋಮೀಟರನ್ನು ಒಂದೊಂದೇ ಸೆಲ್ಲಿಗೆ ಇಳಿಸಿ ಆಸಿಡ್ ಹೀರಿ, ಒಳಗೆ ತೇಲುವ ಕಡ್ಡಿಯ ಮೇಲಿನ ಪಟ್ಟಿ ನೋಡುವರು. ಮೊದಲನೆಯದು 1.250, ಎರಡನೆಯದು 1.250, ಮೂರನೆಯದಕ್ಕೆ ಕಡ್ಡಿ ತಳಕ್ಕಿಳಿದು 1.120ರಲ್ಲಿ ನಿಂತಿತೆಂದರೆ ಮುಂದಿನ ಮೂರನ್ನು ನೋಡುವ ಮೊದಲೇ ತೀರ್ಪು ಬರುತ್ತಿತ್ತು: "ಮೂರನೇ ಸೆಲ್ ಹೋಗಿದೆ." ಆರು ಸೆಲ್ಲಿಗೆ ಆರು ಸಾಕ್ಷಿ. ಈಗಿನ ಮೇಂಟೆನೆನ್ಸ್-ಫ್ರೀ ಬ್ಯಾಟರಿಯಲ್ಲಿ ಆ ಮುಚ್ಚಳಗಳು ಹೋದವು. ಬದಲಿಗೆ ಮೇಲೊಂದು ಹಸಿರು ಕಣ್ಣು ಬಂತು, ಆ ಕಣ್ಣು ಕೂತಿರುವುದು ಒಂದೇ ಸೆಲ್ಲಿನಲ್ಲಿ. ಉಳಿದ ಐದರಲ್ಲಿ ಯಾವುದು ಸತ್ತರೂ ಅದಕ್ಕೆ ಗೊತ್ತಾಗದು. ನೀರು ಹಾಕುವ ಕಾಟ ತಪ್ಪಿತು ನಿಜ. ಒಳಗೇನಿದೆ ಎಂದು ತಿಳಿಯುವ ದಾರಿಯೂ ಅದರ ಜೊತೆಗೇ ಮುಚ್ಚಿತು, ಆ ಖಾಲಿ ಜಾಗಕ್ಕೇ ರಿಪೇರ್ ಗುಂಡಿಯಂಥ ಭರವಸೆಗಳು ಬಂದು ಕೂತವು.

ಬ್ಯಾಟರಿ ಎಬ್ಬಿಸುವ ಮಾತು ಒಮ್ಮೆ ಅಮೆರಿಕದ ಸರ್ಕಾರವನ್ನೇ ಅಲ್ಲಾಡಿಸಿದ್ದಿದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಜೆಸ್ ರಿಚಿ ಎಂಬ ವ್ಯಾಪಾರಿ ಎಡಿ-ಎಕ್ಸ್2 ಎಂಬ ಪುಡಿ ಮಾರುತ್ತಿದ್ದ. ಸೆಲ್ಲಿಗೆ ಹಾಕಿದರೆ ಮುದಿ ಬ್ಯಾಟರಿ ಹೊಸದರಂತಾಗುತ್ತದೆ ಎಂಬುದು ಅವನ ಮಾತು. ಪುಡಿಯಲ್ಲಿದ್ದದ್ದು ಮುಖ್ಯವಾಗಿ ಸೋಡಿಯಂ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್. ಹಳೇ ಕಾಲದಲ್ಲಿ ಭೇದಿಗೆ ಕೊಡುತ್ತಿದ್ದ ಉಪ್ಪುಗಳು. ಅಳತೆ-ಮಾಪನದ ಅಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಇಂಥ ಪುಡಿಗಳನ್ನು ಪರೀಕ್ಷಿಸಿ, ಪ್ರಯೋಜನವಿಲ್ಲ ಎಂದು 1951ರಲ್ಲಿ ಪ್ರಕಟಿಸಿತು. ರಿಚಿಯ ಕಡೆ ತೃಪ್ತ ಗಿರಾಕಿಗಳ ಪತ್ರಗಳ ರಾಶಿಯೇ ಇತ್ತು. ಐಸೆನ್‌ಹೋವರ್ ಸರ್ಕಾರ ಬಂದ ಮೇಲೆ, 1953ರ ಮಾರ್ಚ್‌ನಲ್ಲಿ, ವಾಣಿಜ್ಯ ಕಾರ್ಯದರ್ಶಿ ಸಿಂಕ್ಲೇರ್ ವೀಕ್ಸ್ ಬ್ಯೂರೋದ ನಿರ್ದೇಶಕ ಅಲೆನ್ ಆಸ್ಟಿನ್‌ರ ರಾಜೀನಾಮೆ ಕೇಳಿದರು. ಗಿರಾಕಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾನೆ, ಅವನಿಗೆ ಒಳ್ಳೆಯದೆನ್ನಿಸಿದೆ, ಪ್ರಯೋಗಾಲಯ ಮಧ್ಯೆ ಬರುವುದೇಕೆ ಎಂಬ ಧೋರಣೆ ವೀಕ್ಸ್ ಅವರದ್ದು. ದೇಶದ ವಿಜ್ಞಾನಿಗಳು ಒಟ್ಟಾಗಿ ಎದ್ದುನಿಂತರು. ಆಸ್ಟಿನ್ ಉಳಿದುಕೊಂಡರು, 1969ರವರೆಗೂ ಆ ಹುದ್ದೆಯಲ್ಲಿದ್ದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ 1953ರಲ್ಲೇ ಬ್ಯೂರೋದ ಪರೀಕ್ಷೆಗಳನ್ನು ಎತ್ತಿಹಿಡಿದು, ಪುಡಿಯಲ್ಲಿ ಹುರುಳಿಲ್ಲ ಎಂದು ಹೇಳಿತು.

ಆ ತೃಪ್ತ ಗಿರಾಕಿಗಳು ಕಂಡದ್ದು ಭ್ರಮೆಯಲ್ಲ ಎಂಬುದು ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುತ್ತದೆ. ಪುಡಿ ಹಾಕುವವನು ಮುಚ್ಚಳ ಬಿಚ್ಚುತ್ತಾನೆ, ನೀರಿನ ಮಟ್ಟ ನೋಡುತ್ತಾನೆ, ಟರ್ಮಿನಲ್ ಉಜ್ಜುತ್ತಾನೆ, ನಿಧಾನವಾಗಿ ಚಾರ್ಜಿಗೆ ಹಾಕುತ್ತಾನೆ. ಇಷ್ಟು ಆರೈಕೆ ಮಾಡಿದರೆ ಎಷ್ಟೋ ಬ್ಯಾಟರಿಗಳು ಚೇತರಿಸಿಕೊಳ್ಳುತ್ತವೆ, ಪುಡಿ ಹಾಕದಿದ್ದರೂ. ಒಂದೇ ವಯಸ್ಸಿನ ಎರಡು ಬ್ಯಾಟರಿ ತೆಗೆದುಕೊಂಡು, ಎರಡಕ್ಕೂ ಒಂದೇ ಆರೈಕೆ ಮಾಡಿ, ಒಂದಕ್ಕೆ ಮಾತ್ರ ಪುಡಿ ಹಾಕಿ ನೋಡಿದರಷ್ಟೇ ಪುಡಿಯ ಗುಣ ಗೊತ್ತಾಗುವುದು. ಇಂದಿನ 'ಪಲ್ಸ್' ಚಾರ್ಜರುಗಳಿಗೂ ನನ್ನ ಪ್ರಶ್ನೆ ಇದೇ. ಕರೆಂಟನ್ನು ಸಣ್ಣ ಸಣ್ಣ ಹೊಡೆತಗಳಾಗಿ ಕೊಟ್ಟರೆ ಹರಳು ಒಡೆಯುತ್ತದೆ ಎನ್ನುತ್ತಾರೆ. ಹರಳಿನ ಕಂಪನಕ್ಕೆ ತಾಳ ಹಾಕುತ್ತೇವೆ ಎಂದು ಹೇಳಿಕೊಳ್ಳುವವರೂ ಇದ್ದಾರೆ. ಅದೇ ಬ್ಯಾಟರಿಯನ್ನು ಹೊಡೆತವಿಲ್ಲದ ಸಾಮಾನ್ಯ ಕರೆಂಟಿನಲ್ಲಿ, ಕಡಿಮೆ ಆಂಪಿಯರಿನಲ್ಲಿ, ಅಷ್ಟೇ ದಿನ ಇಟ್ಟಿದ್ದರೆ ಏನಾಗುತ್ತಿತ್ತು? ಕರಗುವಂಥ ಹರಳನ್ನು ಕರಗಿಸಲು ಬೇಕಾದದ್ದು ಸಾಕಷ್ಟು ವೋಲ್ಟೇಜು ಮತ್ತು ತಾಳ್ಮೆ. ಪಕ್ಕದಲ್ಲಿ ಇನ್ನೊಂದು ಬ್ಯಾಟರಿಯನ್ನಿಟ್ಟು ವ್ಯತ್ಯಾಸ ತೋರಿಸುವವರೆಗೆ ಪಲ್ಸಿಗೆ ಹೆಚ್ಚಿನ ದುಡ್ಡು ಕೊಡಲು ಕಾರಣವಿಲ್ಲ.

ಎಬ್ಬಿಸುವುದು ಪೂರ್ತಿ ಬೂಟಾಟಿಕೆ ಎಂದರೆ ಅದೂ ಅನ್ಯಾಯವಾದೀತು. ಆಸಿಡ್ ನೀರಿಗಿಂತ ಭಾರ. ಯಾವತ್ತೂ ಪೂರ್ತಿ ಚಾರ್ಜ್ ಆಗದ ಬ್ಯಾಟರಿಯಲ್ಲಿ ಗಡುಸು ಆಸಿಡ್ ತಳಕ್ಕಿಳಿದು, ಮೇಲ್ಭಾಗದಲ್ಲಿ ತೆಳು ಉಳಿಯುತ್ತದೆ. ಕೆಳಗೆ ಸಲ್ಫೇಟ್, ಮೇಲೆ ಸೋಮಾರಿತನ. ಇಂಥದ್ದಕ್ಕೆ 15.8 ವೋಲ್ಟಿನ ಆಸುಪಾಸಿನಲ್ಲಿ ಸಣ್ಣ ಕರೆಂಟನ್ನು ಕೊಂಚ ಹೊತ್ತು ಕೊಟ್ಟರೆ ಗುಳ್ಳೆಗಳೆದ್ದು ಆಸಿಡ್ ಕಲಕಿಕೊಳ್ಳುತ್ತದೆ, ಬ್ಯಾಟರಿ ನಿಜಕ್ಕೂ ಸುಧಾರಿಸುತ್ತದೆ. ರೀಕಂಡಿಷನ್ ಗುಂಡಿ ಸಾಮಾನ್ಯವಾಗಿ ಮಾಡುವುದು ಇಷ್ಟೇ, ಬಸ್‌ಸ್ಟ್ಯಾಂಡಿನ ಅಂಗಡಿಯ ರಾತ್ರಿಯ ಗುಳುಗುಳು ಮಾಡುತ್ತಿದ್ದದ್ದೂ ಇದನ್ನೇ. ನೀರು ಹಾಕುವ ಮಾದರಿಯ ಬ್ಯಾಟರಿಗೆ, ಕಾರಿನಿಂದ ಕಳಚಿ, ಗಾಳಿಯಾಡುವ ಕಡೆ ಇಟ್ಟು ಮಾಡಿದರೆ ಇದರಲ್ಲಿ ತಪ್ಪೇನಿಲ್ಲ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಮಲಗುವ ಕೋಣೆಯಲ್ಲಿಟ್ಟು ರಾತ್ರಿಯಿಡೀ ಬ್ಯಾಟರಿ ಕುದಿಸುವವರನ್ನು ನೆನೆದರೆ ನನಗೆ ಭಯ. ವೋಲ್ಟೇಜು ತೀರಾ ಇಳಿದ ಬ್ಯಾಟರಿಯನ್ನು ಸ್ಮಾರ್ಟ್ ಚಾರ್ಜರು ಗುರುತಿಸದೆ ಸುಮ್ಮನಿದ್ದಾಗ, ಪಕ್ಕಕ್ಕೊಂದು ಒಳ್ಳೆಯ ಬ್ಯಾಟರಿ ಜೋಡಿಸಿ ಚಾರ್ಜರನ್ನು ಯಾಮಾರಿಸುವ ಉಪಾಯವೊಂದಿದೆ. ಕೆಲವೊಮ್ಮೆ ಕೆಲಸ ಮಾಡುತ್ತದೆ. ಆದರೆ ಒಳಗೆ ಸೆಲ್ ಶಾರ್ಟ್ ಆಗಿದ್ದರೆ, ಚಾರ್ಜರು ಬೇಡವೆಂದದ್ದು ಸರಿಯಾಗಿಯೇ ಇತ್ತು ಎಂಬುದು ಬ್ಯಾಟರಿ ಕಾದು ಉಬ್ಬಿದ ಮೇಲೆ ತಿಳಿಯುತ್ತದೆ.

ಎದ್ದದ್ದನ್ನು ಪರೀಕ್ಷಿಸುವ ಬಗೆ ಸುಲಭ, ಯಾರೂ ಮಾಡುವುದಿಲ್ಲ ಅಷ್ಟೇ. ಆಂಪಿಯರ್-ಗಂಟೆ ಎಂಬ ಅಂಕಿಯನ್ನು ಕಂಪನಿಗಳು ಅಳೆಯುವುದು ಸಾಮಾನ್ಯವಾಗಿ ಇಪ್ಪತ್ತು ಗಂಟೆಯ ಲೆಕ್ಕದಲ್ಲಿ, 10.5 ವೋಲ್ಟಿಗೆ ಇಳಿಯುವವರೆಗೆ. 35ನ್ನು 20ರಿಂದ ಭಾಗಿಸಿದರೆ 1.75 ಆಂಪಿಯರ್. ಕಾರಿನ ಸಾದಾ 21 ವಾಟ್ ಇಂಡಿಕೇಟರ್ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದೂ ಸರಿಯಾಗಿ ಅಷ್ಟೇ. ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು, ಬಲ್ಬು ಕಟ್ಟಿ, ಗಡಿಯಾರ ನೋಡಿ. ಹೊಸ ಬ್ಯಾಟರಿಯಾದರೆ ಹತ್ತಿರಹತ್ತಿರ ಇಪ್ಪತ್ತು ಗಂಟೆ ಉರಿಯಬೇಕು. ಎಂಟು ಗಂಟೆಗೇ 10.5ಕ್ಕೆ ಬಂದರೆ ಉಳಿದಿರುವುದು ನೂರಕ್ಕೆ ನಲವತ್ತು. ಕಾರಿನ ಬ್ಯಾಟರಿಗೆ ಇಷ್ಟು ಕೆಳಗಿಳಿಯುವುದು ಒಗ್ಗುವುದಿಲ್ಲವಾದ್ದರಿಂದ ಇದನ್ನು ಪದೇಪದೇ ಮಾಡಬಾರದು, ಮುಗಿದೊಡನೆ ಚಾರ್ಜಿಗೆ ಹಾಕಬೇಕು. ಪುನರುಜ್ಜೀವನದ ಕಥೆ ಹೇಳುವವರು ರಿಪೇರ್ ಗುಂಡಿಯ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಈ ಬಲ್ಬಿನ ಲೆಕ್ಕ ಕೊಟ್ಟರೆ ವಾದವೇ ಬೇಕಿಲ್ಲ.

ತಪ್ಪು ಇನ್ನೊಂದು ಕಡೆಯಿಂದಲೂ ಆಗುತ್ತದೆ. ಸತ್ತಿದೆ ಎಂದು ತೀರ್ಪು ಪಡೆದ ಬ್ಯಾಟರಿಗಳಲ್ಲಿ ಬರೀ ಹಸಿದವೂ ಇರುತ್ತವೆ. ಅಂಗಡಿಯವ ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಟೆಸ್ಟರನ್ನು ಅರೆ ಚಾರ್ಜಿನ ಬ್ಯಾಟರಿಗೆ ಹಚ್ಚಿದರೆ ಅದು 'ಬದಲಿಸಿ' ಎಂದೀತು. ಪೂರ್ತಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸುವುದು ಕ್ರಮ. ಅದಕ್ಕೆ ಒಂದು ರಾತ್ರಿ ಬೇಕು, ಗಿರಾಕಿ ಎದುರಿಗೆ ಕಾಯುತ್ತಿರುತ್ತಾನೆ, ಹೊಸ ಬ್ಯಾಟರಿಯಲ್ಲಿ ಲಾಭವೂ ಇದೆ. ಯಾರನ್ನೂ ದೂರಬೇಕಿಲ್ಲ, ಮನೆಯಲ್ಲೇ ಚಾರ್ಜರಿದ್ದರೆ ಆ ರಾತ್ರಿ ನಮ್ಮದಾಗುತ್ತದೆ.

ಚಾರ್ಜರಿನ ಅಸಲಿ ಕೆಲಸ ಶುರುವಾಗುವುದು ಇಲ್ಲಿಂದಲೇ. ಇಂದಿನ ಕಾರು ನಿಂತಲ್ಲೇ ಕರೆಂಟು ಕುಡಿಯುತ್ತದೆ: ಅಲಾರಂ, ರಿಮೋಟ್ ಬೀಗ, ಆಮೇಲೆ ಹಾಕಿಸಿದ ಜಿಪಿಎಸ್, ಡ್ಯಾಶ್ ಕ್ಯಾಮೆರಾ. ಎಲ್ಲ ಸೇರಿ 50 ಮಿಲಿಆಂಪಿಯರ್ ಆದರೆ ದಿನಕ್ಕೆ 1.2 ಆಂಪಿಯರ್-ಗಂಟೆ, ಹದಿನೈದು ದಿನಕ್ಕೆ ನಮ್ಮ 35ರ ಬ್ಯಾಟರಿ ಅರ್ಧ ಖಾಲಿ. 2020ರ ಲಾಕ್‌ಡೌನಿನಲ್ಲಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟುಗಳಲ್ಲಿ ಸಾಲುಸಾಲು ಕಾರುಗಳು ಕೈಕೊಟ್ಟದ್ದು ಇದರಿಂದಲೇ. ವರ್ಷಕ್ಕೊಮ್ಮೆ ಬರುವ ಮಗನಿಗೆಂದು ಮೈಸೂರಿನ ಮನೆಯಲ್ಲಿ ಉಳಿಸಿಕೊಂಡ ಕಾರು, ಉಳುಮೆ ಮುಗಿದು ಶೆಡ್ಡು ಸೇರಿದ ಟ್ರ್ಯಾಕ್ಟರು, ಇವುಗಳದ್ದೂ ಅದೇ ಪಾಡು. ದಿನಾ ಓಡಿದರೂ ಸಾಲದು. ಸೀಸದ ಬ್ಯಾಟರಿ ಮೊದಲ ಎಪ್ಪತ್ತು ಪಾಲನ್ನು ಚುರುಕಾಗಿ ತುಂಬಿಕೊಳ್ಳುತ್ತದೆ, ಕೊನೆಯ ಮೂವತ್ತಕ್ಕೆ ಅಷ್ಟೇ ಹೊತ್ತು ಅಥವಾ ಇನ್ನೂ ಹೆಚ್ಚು ಬೇಡುತ್ತದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಎಸಿ, ವೈಪರ್, ಹೆಡ್‌ಲೈಟ್ ಹಾಕಿಕೊಂಡು ತೆವಳುವ ಆರು ಕಿಲೋಮೀಟರಿನಲ್ಲಿ ಆಲ್ಟರ್ನೇಟರು ಆ ಕೊನೆಯ ಪಾಲಿಗೆ ಕೈ ಹಾಕುವುದೇ ಇಲ್ಲ. ಹೀಗೆ ತಿಂಗಳುಗಟ್ಟಲೆ ಮುಕ್ಕಾಲು ಹೊಟ್ಟೆಯಲ್ಲೇ ಇರುವ ಬ್ಯಾಟರಿಗೆ ಮೂರ್ನಾಲ್ಕು ವಾರಕ್ಕೊಮ್ಮೆ ಒಂದು ರಾತ್ರಿಯ ಪೂರ್ತಿ ಊಟ ಸಿಕ್ಕರೆ ಸಲ್ಫೇಟ್ ಗಟ್ಟಿಯಾಗಲು ಪುರುಸೊತ್ತು ಸಿಗದು. ಮೊದಲು ಪೂರ್ಣ ಕರೆಂಟು, ಆಮೇಲೆ 14.4 ವೋಲ್ಟಿನ ಸುತ್ತ ನಿಲ್ಲಿಸಿ ಇಳಿಯುವ ಕರೆಂಟು, ಕೊನೆಗೆ 13.6ರ ಆಸುಪಾಸು ಕಾವಲು: ಈ ಮೂರು ಹಂತಗಳನ್ನು ಕಣ್ಣಿಟ್ಟು ಕಾಯಬೇಕಿಲ್ಲದಂತೆ ಮಾಡಿದ್ದೇ ಸ್ಮಾರ್ಟ್ ಚಾರ್ಜರಿನ ಸ್ಮಾರ್ಟುತನ. ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರು ಮರೆತರೆ ಬ್ಯಾಟರಿಯನ್ನು ಕುದಿಸಿ ನೀರು ಬತ್ತಿಸುತ್ತಿತ್ತು.

ಕೊಳ್ಳುವವರು ನೋಡಬೇಕಾದದ್ದು ರಿಪೇರ್ ಗುಂಡಿಗಿಂತ ಶಾಖಕ್ಕೆ ತಕ್ಕಂತೆ ವೋಲ್ಟೇಜು ತಗ್ಗಿಸುವ ಏರ್ಪಾಟು ಇದೆಯೇ ಎಂಬುದನ್ನು. ಪ್ರತಿ ಹತ್ತು ಡಿಗ್ರಿ ಏರಿಕೆಗೆ ಸುಮಾರು 0.2 ವೋಲ್ಟ್ ಇಳಿಸಬೇಕು. 25 ಡಿಗ್ರಿಗೆಂದು ಗೊತ್ತು ಮಾಡಿದ 14.4ನ್ನು 42 ಡಿಗ್ರಿಯ ಕಲಬುರಗಿಯಲ್ಲಿ ಹಾಗೇ ಕೊಟ್ಟರೆ ಅದು ಹೆಚ್ಚುವರಿ ಚಾರ್ಜು, ಜಾಲರಿಗೆ ತುಕ್ಕು. ಎರಡನೆಯದು ಆಂಪಿಯರು. ಬ್ಯಾಟರಿಯ ಅಂಕಿಯ ಹತ್ತನೇ ಒಂದರ ಸುತ್ತ ಇರಲಿ. ಸ್ಕೂಟರಿನ 4-5 ಆಂಪಿಯರ್-ಗಂಟೆಯ ಬ್ಯಾಟರಿಗೆ ಕಾರಿನ ಚಾರ್ಜರು ಹಾಕಬಾರದು. ಸ್ಕೂಟರು ಅಂದಾಗ ನೆನಪಾಯಿತು, 2017ರ ಏಪ್ರಿಲ್‌ನಿಂದ ನಮ್ಮ ಹೊಸ ದ್ವಿಚಕ್ರಗಳ ಹೆಡ್‌ಲೈಟು ಹಗಲೂ ಉರಿಯುತ್ತದೆ, 2020ರ ಬಿಎಸ್6 ಬಂದ ಮೇಲೆ ಹಲವು ಗಾಡಿಗಳಲ್ಲಿ ಕಿಕ್ಕರೇ ಇಲ್ಲ. ಫ್ಯೂಯಲ್ ಪಂಪಿಗೂ ಇಂಜೆಕ್ಷನ್ನಿಗೂ ಕರೆಂಟು ಬೇಕಾದ್ದರಿಂದ ಬ್ಯಾಟರಿ ಪೂರ್ತಿ ಮಲಗಿದರೆ ತಳ್ಳಿದರೂ ಏಳುವುದಿಲ್ಲ. ಅನೇಕ ಎಲೆಕ್ಟ್ರಿಕ್ ಕಾರುಗಳಲ್ಲೂ ದೊಡ್ಡ ಲಿಥಿಯಂ ಬ್ಯಾಟರಿಯನ್ನು ಎಚ್ಚರಿಸಲು 12 ವೋಲ್ಟಿನ ಸೀಸದ ಬ್ಯಾಟರಿಯೇ ಬೇಕು.

ಎಲ್ಲರಿಗೂ ಇದು ಬೇಕೆಂದು ನಾನು ಹೇಳಲಾರೆ. ದಿನಾ ತುಮಕೂರಿನಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೋಗಿಬರುವವನ ಆಲ್ಟರ್ನೇಟರು ಆ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ಬೇಕಾದವರಲ್ಲೂ ಎಷ್ಟೋ ಜನರಿಗೆ ಅಡ್ಡಿ ಚಾರ್ಜರಿನ ಬೆಲೆಯಲ್ಲ, ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಇಲ್ಲದಿರುವುದು. ಕೋಟಿ ರೂಪಾಯಿ ಫ್ಲ್ಯಾಟಿನ ಬೇಸ್‌ಮೆಂಟಿನಲ್ಲಿ ಐದು ಆಂಪಿಯರಿನ ಒಂದು ಸಾಕೆಟ್ಟಿಗೆ ಅಸೋಸಿಯೇಷನ್ ಸಭೆಯಲ್ಲಿ ಜಗಳವಾಡಬೇಕು. ಕೊನೆಗೆ ಮಾಲೀಕ ಹದಿನೈದು ಕೆಜಿಯ ಡಬ್ಬಿಯನ್ನು ಲಿಫ್ಟಿನಲ್ಲಿ ಮನೆಗೆ ಹೊರುತ್ತಾನೆ, ಇಲ್ಲವೇ ಸುಮ್ಮನಾಗುತ್ತಾನೆ. ಬಹುತೇಕರು ಸುಮ್ಮನಾಗುತ್ತಾರೆ.

ಸುಮ್ಮನಾಗುವುದರ ಬೆಲೆ ಬ್ಯಾಟರಿಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುದೊಡ್ಡ ಪಾಲು ಹೋಗುವುದು ಬ್ಯಾಟರಿಗೆ. ಹಳೆಯದು ಕರಗಿ ಹೊಸದಾಗುತ್ತದೆ. ವ್ಯವಸ್ಥಿತ ಕಾರ್ಖಾನೆಯಲ್ಲಿ ಕರಗಿದರೆ ಸರಿ, ಊರಾಚೆಯ ಶೆಡ್ಡಿನಲ್ಲಿ ಕೊಡಲಿಯಿಂದ ಒಡೆದು ಬಾಣಲೆಯಲ್ಲಿ ಕರಗಿಸಿದರೆ ಸೀಸ ಗಾಳಿಗೆ, ಮಣ್ಣಿಗೆ, ಅಲ್ಲಿಂದ ಮಕ್ಕಳ ರಕ್ತಕ್ಕೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ 2020ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಸೀಸ ಕಳವಳಪಡುವಷ್ಟಿದೆ, ಅದರಲ್ಲಿ ಭಾರತದ ಮಕ್ಕಳೇ 27 ಕೋಟಿಗೂ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ದಶಕಗಳಿಂದ ಹೇಳುತ್ತ ಬಂದವರು. ಮೂರು ವರ್ಷಕ್ಕೆ ಹೋಗುವ ಬ್ಯಾಟರಿ ಐದು ವರ್ಷ ಬಂದರೆ ಕರಗಿಸುವ ಸರದಿ ಅಷ್ಟು ಕಡಿಮೆಯಾಗುತ್ತದೆ. ಆರೈಕೆಯ ಪರವಾಗಿ ನನಗೆ ತೋರುವ ಅತ್ಯಂತ ಗಟ್ಟಿ ಕಾರಣ ಇದು. ಆದರೆ ಬಲ್ಬು ಎಂಟು ಗಂಟೆಗೇ ಮಂಕಾಗುವ ಬ್ಯಾಟರಿಯನ್ನು ವಾರವಾರ ರಿಪೇರ್ ಗುಂಡಿ ಒತ್ತಿ ಎಳೆದಾಡುವುದರಿಂದ ಪರಿಸರಕ್ಕೇನೂ ಉಪಕಾರವಿಲ್ಲ, ಆಲ್ಟರ್ನೇಟರಿಗೆ ಮಾತ್ರ ಕಾಟ. ಅಂಥದ್ದನ್ನು ಬಿಟ್ಟುಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೇ ಬ್ಯಾಟರಿಯನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಎಕ್ಸ್‌ಚೇಂಜಿಗೆ ಕೊಡಬಹುದು. ಗುಜರಿಯವನು ನೂರಿನ್ನೂರು ಹೆಚ್ಚು ಕೊಡುತ್ತೇನೆಂದಾನು. ಆಸಿಡ್ಡನ್ನು ಅವನು ಎಲ್ಲಿ ಚೆಲ್ಲುತ್ತಾನೆ ಎಂದು ಆಗ ಕೇಳಬೇಕು.